ದೇವರಮನೆ ರಸ್ತೆಯ ತೌಡಿನ ಗಂಜಿ

ಮೂಡಿಗೆರೆಯಿಂದ ದೇವರಮನೆಗೆ ಹೋಗುವ ರಸ್ತೆಯಲ್ಲಿ ಸುದೀಪ ಹೋಂಸ್ಟೇ ಶುರು ಮಾಡಿದಾಗ ಬೋರ್ಡಿನ ಮೇಲೆ ‘ಅಪ್ಪಟ ಮಲೆನಾಡಿನ ಊಟ-ತಿಂಡಿ’ ಎಂದು ಬರೆಸಿದ್ದ. ಬಂದ ಅತಿಥಿಗಳು ಆ ಬೋರ್ಡಿನ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಕಡುಬು, ಕಾಯಿಚಟ್ನಿಯ ತಟ್ಟೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಇನ್ನೊಂದು ಫೋಟೊ ತೆಗೆಯುತ್ತಿದ್ದರು. ಆಮೇಲೆ ಮೆಲ್ಲಗೆ ಅಡುಗೆಮನೆಯ ಬಾಗಿಲಿಗೆ ಬಂದು, ಓಟ್ಸ್ ಏನಾದರೂ ಸಿಗುತ್ತದೆಯೇ ಎಂದು ಕೇಳುತ್ತಿದ್ದರು. ಒಬ್ಬರಿಗೆ ಶುಗರ್, ಇನ್ನೊಬ್ಬರಿಗೆ ಕೊಲೆಸ್ಟ್ರಾಲ್, ಮತ್ತೊಬ್ಬರಿಗೆ ಏನೂ ಇಲ್ಲ, ಆದರೆ ಮುಂದೆ ಬರಬಾರದು. ಸುದೀಪನ ಹೆಂಡತಿ ಪಂಚಮಿ ಓಟ್ಸ್ ದೋಸೆ ಕಲಿತಳು, ಓಟ್ಸ್ ಉಪ್ಪಿಟ್ಟು ಕಲಿತಳು, ಕೊನೆಗೆ ಹೆಸರೇ ಇಲ್ಲದ ಒಂದು ಬಿಳಿ ಅಂಬಲಿಯನ್ನೂ ಕಲಿತಳು. ಕಡುಬು ಮನೆಯವರ ಹೊಟ್ಟೆಗೆ ಹೋಗುತ್ತಿತ್ತು.

ಸುದೀಪನ ತಾಯಿ ಸೀತಮ್ಮನಿಗೆ ಎಪ್ಪತ್ತು ದಾಟಿತ್ತು. ಓಟ್ಸ್ ಎಂದರೆ ಜ್ವರ ಬಿಟ್ಟವರ ಪಥ್ಯ ಎಂದೇ ಆಕೆ ತಿಳಿದುಕೊಂಡಿದ್ದಳು. ಅಷ್ಟು ದೂರದಿಂದ ಕಾರು ಮಾಡಿಕೊಂಡು ಬಂದು, ಪಾಪ, ಇದನ್ನು ತಿನ್ನಬೇಕಾಯಿತಲ್ಲ ಎಂದು ಮರುಗುತ್ತಿದ್ದಳು.

ಜನವರಿಯ ಒಂದು ಭಾನುವಾರ, ಕಣದಲ್ಲಿ ಕಾಫಿ ಒಣಗುತ್ತಿದ್ದ ಹೊತ್ತು. ಸೀತಮ್ಮ ಮನೆಯಲ್ಲಿರಲಿಲ್ಲ. ವಸ್ತಾರೆಯಲ್ಲಿದ್ದ ತಂಗಿಯ ಮನೆಯಲ್ಲಿ ಮೊಮ್ಮಗನ ಉಪನಯನ. ತಯಾರಿಗೆಂದು ಮುಂಚಿತವಾಗಿಯೇ ಹೋಗಿದ್ದಳು. ಹೋಂಸ್ಟೇಯಲ್ಲಿ ಮೈಸೂರಿನ ರಕ್ಷಾ ಎಂಬುವಳು ಅಪ್ಪ ಅಮ್ಮನ ಜತೆ ಇಳಿದುಕೊಂಡಿದ್ದಳು. ಅವಳು ಆಹಾರತಜ್ಞೆ. ಮೊದಲು ಆಸ್ಪತ್ರೆಯಲ್ಲಿ ರೋಗಿಗಳಿಗೆ ಏನು ತಿನ್ನಬೇಕೆಂದು ಹೇಳುತ್ತಿದ್ದವಳು ಈಗ ಫೋನಿನಲ್ಲಿ ವಿಡಿಯೊ ಮಾಡಿ ಎಲ್ಲರಿಗೂ ಹೇಳುತ್ತಿದ್ದಳು. ಸಾವಿರಾರು ಜನ ಕೇಳುತ್ತಿದ್ದರು. ಜಗಲಿಯ ಮೇಲೆ ಕಾಫಿ ಕುಡಿಯುತ್ತ ಕೂತವಳು, ಅಪ್ಪನಿಗೆ ಬೆಳಿಗ್ಗೆ ಓಟ್ಸ್ ಆಗಬೇಕು ಎಂದಳು.

ಸುದೀಪ ಅಡುಗೆಮನೆಯ ಕಡೆ ನೋಡಿದ. ಪಂಚಮಿ ಡಬ್ಬಿಯನ್ನು ಬೋರಲು ಮಾಡಿ ತೋರಿಸಿದಳು. ಒಳಗೆ ಪುಡಿಯೂ ಇರಲಿಲ್ಲ.

‘ಇಲ್ಲ’ ಎಂದು ಎರಡಕ್ಷರ ಹೇಳಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಎರಡಕ್ಷರ ಸುದೀಪನ ಬಾಯಿಯಿಂದ ಯಾವತ್ತೂ ಸರಾಗವಾಗಿ ಬಂದದ್ದಿಲ್ಲ. ಇಲ್ಲದ್ದನ್ನು ಇದೆಯೆಂದು ಹೇಳುವುದು ಅವನಿಗೆ ಮೋಸವೆನಿಸುತ್ತಿರಲಿಲ್ಲ, ಉಪಚಾರವೆನಿಸುತ್ತಿತ್ತು. ಆಗಷ್ಟೇ ಮೂಡಿಗೆರೆಯ ಅಕ್ಕಿ ಗಿರಣಿಯಿಂದ ಬಂದ ಜೀಪು ಹಸುವಿಗೆಂದು ಒಂದು ಮೂಟೆ ತೌಡನ್ನು ಅಂಗಳದಲ್ಲಿ ಇಳಿಸಿ ಹೋಗಿತ್ತು. ಅದರ ಬಿಸಿಬಿಸಿ ಪರಿಮಳ ಜಗಲಿಯವರೆಗೂ ಬರುತ್ತಿತ್ತು.

“ಓಟ್ಸ್ ಎಂತಕ್ಕೆ ಮೇಡಂ?” ಎಂದ ಸುದೀಪ. “ಓಟ್ಸ್ ಬರೋಕೆ ಮುಂಚೆಯೇ ನಮ್ಮನೇಲಿ ತೌಡಿನ ಗಂಜಿ ಇತ್ತು. ನಮ್ಮಜ್ಜಿ ಅದನ್ನೇ ಕುಡ್ದು ತೊಂಬತ್ತೆರಡು ವರ್ಷ ಬದುಕಿದ್ರು.”

ಅಜ್ಜಿ ತೊಂಬತ್ತೆರಡು ವರ್ಷ ಬದುಕಿದ್ದು ನಿಜ. ಉಳಿದದ್ದು ಆ ಕ್ಷಣದಲ್ಲಿ ಹುಟ್ಟಿದ್ದು.

ರಕ್ಷಾ ಕಾಫಿಯ ಲೋಟ ಕೆಳಗಿಟ್ಟಳು. ಅವಳ ಮುಖ ಅರಳಿದ್ದನ್ನು ನೋಡಿ ಸುದೀಪನಿಗೆ ಸ್ವಲ್ಪ ಹೆದರಿಕೆಯಾಯಿತು. ಅವಳು ಅವನಿಗೆ ಪಾಠವನ್ನೇ ಹೇಳಿದಳು. ಓಟ್ಸಿನಲ್ಲಿರುವ ನಾರು ನೀರಿನಲ್ಲಿ ಕರಗಿ ಲೋಳೆಯಾಗುತ್ತದೆ, ಕೆಟ್ಟ ಕೊಲೆಸ್ಟ್ರಾಲನ್ನು ಹಿಡಿದುಕೊಂಡು ಹೊರಗೆ ಹೋಗುತ್ತದೆ, ಹಸಿವನ್ನು ಮಧ್ಯಾಹ್ನದವರೆಗೆ ತಡೆಯುತ್ತದೆ. ಅದಕ್ಕೇ ಅಷ್ಟು ಹೆಸರು. ಗೋಧಿಯ ಬೂಸಾದಲ್ಲಿರುವುದು ಕರಗದ ನಾರು, ಮಲಬದ್ಧತೆಗೆ ಅದು ಒಳ್ಳೆಯದು. ಭತ್ತದ ತೌಡಿನಲ್ಲೂ ನಾರಿದೆ, ಜತೆಗೆ ಹೃದಯಕ್ಕೆ ಒಳ್ಳೆಯ ಎಣ್ಣೆ, ಬಿ ವಿಟಮಿನ್ನುಗಳು. ಕಾಳಿನ ಸತ್ವವೆಲ್ಲ ಇರುವುದು ಆ ಹೊರಪದರದಲ್ಲೇ. ನಾವು ಅದನ್ನು ಉಜ್ಜಿ ತೆಗೆದು ದನಕ್ಕೆ ಹಾಕುತ್ತೇವೆ, ಅಕ್ಕಿ ಬೆಳ್ಳಗಾಯಿತೆಂದು ಸಂತೋಷಪಡುತ್ತೇವೆ, ಆಮೇಲೆ ಮೆಡಿಕಲ್ ಶಾಪಿಗೆ ಹೋಗಿ ವಿಟಮಿನ್ ಗುಳಿಗೆ ಕೊಳ್ಳುತ್ತೇವೆ. ಆದರೆ ತೌಡಿಗೆ ಒಂದು ದೋಷವಿದೆ, ಆ ಎಣ್ಣೆಯಿಂದಾಗಿಯೇ ಅದು ಬೇಗ ಕಮಟು ಹಿಡಿಯುತ್ತದೆ. ಗಿರಣಿಯಿಂದ ಬಂದ ಕೂಡಲೇ ಹುರಿಯಬೇಕು. ನಿಮ್ಮಜ್ಜಿ ಹುರಿಯುತ್ತಿದ್ದರೇ ಎಂದು ಅವಳು ಕೇಳಿದಳು. ಹುರಿಯದೆ ಇರುತ್ತಾರೆಯೇ ಎಂದು ಸುದೀಪ ಹೇಳಿದ. ನೋಡಿ, ಹಳಬರಿಗೆ ಅದೂ ಗೊತ್ತಿತ್ತು ಎಂದು ಅವಳು ಅಪ್ಪನ ಕಡೆ ತಿರುಗಿದಳು.

ಪಂಚಮಿ ಅಡುಗೆಮನೆಯಲ್ಲಿ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು. “ಅದು ಗೌರಿಗೆ ತಂದಿದ್ದಲ್ವಾ?” ಎಂದಳು. ಗೌರಿ ಎಂದರೆ ಹಸು. ಬೈಯುವಷ್ಟು ಹೊತ್ತಿರಲಿಲ್ಲ. ತೌಡನ್ನು ತೆಳು ಬಟ್ಟೆಯಲ್ಲಿ ಜರಡಿ ಹಿಡಿದು, ನಯವಾದ ಪುಡಿಯನ್ನು ಧಾರಾಳ ತುಪ್ಪದಲ್ಲಿ ಹುರಿದು, ಬೆಲ್ಲ, ಗಟ್ಟಿ ಕಾಯಿಹಾಲು, ಏಲಕ್ಕಿ ಸೇರಿಸಿ ಕುದಿಸಿ, ಮೇಲೊಂದಿಷ್ಟು ಗೋಡಂಬಿ ಉದುರಿಸಿದಳು. ಅಷ್ಟೆಲ್ಲ ಹಾಕಿದರೆ ಮರದ ಹೊಟ್ಟೂ ರುಚಿಯಾಗುತ್ತಿತ್ತು. ರಕ್ಷಾ ಎರಡು ಬಟ್ಟಲು ತಿಂದಳು. ಅವಳಪ್ಪ ಮೂರು.

ಆಮೇಲೆ ಸುದೀಪನನ್ನು ಜಗಲಿಯ ಕಂಬಕ್ಕೆ ಒರಗಿಸಿ ಕೂರಿಸಿ ವಿಡಿಯೊ ಮಾಡಿದಳು. ಮಾತು ಶುರುವಾದ ಮೇಲೆ ಅದು ಅವನ ಕೈಯಲ್ಲಿರಲಿಲ್ಲ. ಅಜ್ಜಿ ಮೊದಲ ಸೌಟು ಹಸುವಿಗೆ ಕೊಟ್ಟೇ ಮನೆಯವರಿಗೆ ಬಡಿಸುತ್ತಿದ್ದಳು ಎಂದ. ಅದಕ್ಕೆ ಕೆಂಪುಗಂಜಿ ಎಂದು ಹೆಸರು ಎಂದ. ದೃಷ್ಟಿಯಾಗಬಾರದೆಂದು ಹೆಂಗಸರು ಅಡುಗೆಮನೆಯ ಬಾಗಿಲು ಹಾಕಿಕೊಂಡು ತಿನ್ನುತ್ತಿದ್ದರು ಎಂದ. ಈ ಕೊನೆಯ ಮಾತು ಹೇಳುವಾಗ ಅವನ ದನಿ ತಾನಾಗಿಯೇ ತಗ್ಗಿತು. ರಕ್ಷಾಳ ತಾಯಿ ಕಣ್ಣೊರೆಸಿಕೊಂಡರು.

ಇನ್ನೊಮ್ಮೆ ಇಂಥ ಇಕ್ಕಟ್ಟು ಬೇಡವೆಂದು ಸುದೀಪ ಅದೇ ಮಧ್ಯಾಹ್ನ ಮೂಡಿಗೆರೆಗೆ ಹೋಗಿ ಒಂದು ಪೆಟ್ಟಿಗೆ ತುಂಬ ಓಟ್ಸ್ ತಂದಿಟ್ಟ. ಆ ಪೆಟ್ಟಿಗೆ ಯಾವ ಅತಿಥಿಯ ಉಪಯೋಗಕ್ಕೂ ಬರಲಿಲ್ಲ. ವಾರ ಕಳೆಯುವುದರೊಳಗೆ ಫೋನು ಮಾಡಿದವರೆಲ್ಲ ರೂಮಿಗಿಂತ ಮುಂಚೆ ಗಂಜಿ ಇದೆಯೇ ಎಂದು ವಿಚಾರಿಸತೊಡಗಿದರು. ಒಂದೆರಡು ಚಮಚದಿಂದ ಶುರು ಮಾಡಿ, ನೀರು ಜಾಸ್ತಿ ಕುಡಿಯಿರಿ ಎಂದು ರಕ್ಷಾ ವಿಡಿಯೊದಲ್ಲಿ ಸ್ಪಷ್ಟವಾಗಿ ಹೇಳಿದ್ದಳು. ಯಾರೂ ಅಲ್ಲಿಯವರೆಗೆ ನೋಡಿರಲಿಲ್ಲ. ಬಟ್ಟಲುಗಟ್ಟಲೆ ತಿಂದು ಹೊಟ್ಟೆಯುಬ್ಬರಿಸಿಕೊಂಡವರಿಗೆ ಪಂಚಮಿ ಜೀರಿಗೆ ಕಷಾಯ ಕೊಟ್ಟಳು. ಮುಂದೆ ಬಂದವರು ಅದೂ ಸಂಪ್ರದಾಯದ ಭಾಗವೆಂದು ತಿಳಿದು ಕೇಳಿ ಕುಡಿದರು. ನಯವಾದ ತೌಡು ಅತಿಥಿಗಳಿಗೆ ಹೋದಮೇಲೆ ಗೌರಿಗೆ ಉಳಿದದ್ದು ತರಿ. ಅದರ ಜತೆ ಪಂಚಮಿ ದಿನಕ್ಕೊಂದು ಪ್ಯಾಕೆಟ್ ಓಟ್ಸ್ ಕಲಸಿ ಹಾಕಿದಳು. ಗೌರಿ ತಕರಾರು ಮಾಡಲಿಲ್ಲ, ಹಾಲೂ ಕಡಿಮೆಯಾಗಲಿಲ್ಲ.

ಉಪನಯನ ಮುಗಿಸಿಕೊಂಡು ಸೀತಮ್ಮ ಒಂದು ಬೆಳಿಗ್ಗೆ ಹೇಳದೆ ಕೇಳದೆ ಬಂದಳು. ಜಗಲಿಯಲ್ಲಿ ಸಾಲಾಗಿ ಕೂತ ಅತಿಥಿಗಳು ಸ್ಟೀಲ್ ಬಟ್ಟಲು ಹಿಡಿದು ಗಂಜಿ ತಿನ್ನುತ್ತಿದ್ದರು. ಒಬ್ಬರು ಬಟ್ಟಲೆತ್ತಿ, ಅಜ್ಜಿ, ನಿಮ್ಮತ್ತೆ ಪುಣ್ಯಾತ್ಗಿತ್ತಿ ಎಂದರು. ಸೀತಮ್ಮ ಒಳ್ಳೆಯದು ಎಂದಷ್ಟೇ ಹೇಳಿ ಒಳಗೆ ಹೋದಳು. ಬ್ಯಾಗನ್ನು ಮೂಲೆಯಲ್ಲಿಟ್ಟು ಕೈಕಾಲು ತೊಳೆದು ದೇವರಿಗೆ ದೀಪ ಹಚ್ಚಿದಳು. ಮಗನ ಕಡೆ ತಿರುಗಿ ಕೂಡ ನೋಡಲಿಲ್ಲ.

ವಸ್ತಾರೆಯಲ್ಲಿ ಊಟದ ಪಂಕ್ತಿಯಲ್ಲೇ ಯಾರೋ ಅವಳಿಗೆ ಆ ವಿಡಿಯೊ ತೋರಿಸಿದ್ದರಂತೆ. ಎಲೆಯಲ್ಲಿ ಬಡಿಸಿದ್ದನ್ನು ಹಾಗೇ ಬಿಟ್ಟು ಎದ್ದಳಂತೆ. ಇದೆಲ್ಲ ಸುದೀಪನಿಗೆ ಆಮೇಲೆ ಚಿಕ್ಕಮ್ಮನಿಂದ ತಿಳಿಯಿತು. ಆಗ ಅವನಿಗೆ ಕಂಡದ್ದು ಒಂದೇ: ತಾಯಿ ಫೋನೆತ್ತುತ್ತಿಲ್ಲ. ಕಳಸದಲ್ಲಿ ಅವನ ಸೋದರತ್ತೆ ಗಿರಿಜಾಂಬಾ ಇದ್ದಳು, ತೀರಿಹೋದ ತಂದೆಯ ತಂಗಿ. ಅತ್ತಿಗೆ ನಾದಿನಿ ಇಬ್ಬರೂ ಬೆಳಗಿನ ಕಾಫಿಯಾದ ಮೇಲೆ ಫೋನಿನಲ್ಲಿ ಮಾತಾಡದ ದಿನವಿರಲಿಲ್ಲ. ಈಗ ಗಿರಿಜಾಂಬಾಳ ಫೋನು ಹೊಡೆದುಕೊಂಡು ಹೊಡೆದುಕೊಂಡು ಸುಮ್ಮನಾಗುತ್ತಿತ್ತು. ಸೀತಮ್ಮ ಪಕ್ಕದಲ್ಲೇ ಕೂತು ಬತ್ತಿ ಹೊಸೆಯುತ್ತಿದ್ದಳು.

ಕೆಲವು ದಿನ ನೋಡಿ ಸುದೀಪ ಕೇಳಿಯೇಬಿಟ್ಟ. ಸೀತಮ್ಮ ಬತ್ತಿ ಹೊಸೆಯುವುದನ್ನು ನಿಲ್ಲಿಸಲಿಲ್ಲ.

“ಆ ವಿಷಯ ಗೊತ್ತಿದ್ದವ್ರು ಮೂರೇ ಜನ. ನಮ್ಮತ್ತೆ ಹೋದ್ರು. ನಾನು ಹೇಳ್ಲಿಲ್ಲ.”

ಯಾವ ವಿಷಯವೆಂದು ಅವನಿಗೆ ತಿಳಿಯಲಿಲ್ಲ. ತಿಳಿಯದವನ ಹಾಗೆ ನಟಿಸಬೇಡ ಎಂದು ಬೈದು, ಆಮೇಲೆ ತಾನೇ ಹೇಳಿದಳು. ಅವಳು ಮದುವೆಯಾಗಿ ಬಂದ ಮರುವರ್ಷ ಕೊಯ್ಲಿನ ಹೊತ್ತಿಗೆ ಅಕಾಲದ ಮಳೆ ಹಿಡಿದು ಗದ್ದೆಯಲ್ಲೇ ಭತ್ತ ಮೊಳಕೆಯೊಡೆದಿತ್ತು. ಮಾವ ಬೆಟ್ಟದ ದೇವಸ್ಥಾನದ ಅರ್ಚಕರು. ದೇವರಿಗೆ ಬಂದವರು ಯಾರೇ ಇರಲಿ ಊಟ ಮಾಡಿಯೇ ಹೋಗಬೇಕು. ಅಕ್ಕಿಯಿಲ್ಲ ಎಂದು ಅವರ ಕಿವಿಗೆ ಹಾಕುವ ಧೈರ್ಯ ಯಾರಿಗೂ ಇರಲಿಲ್ಲ. ಹಾಗಾಗಿ ಅತ್ತೆ ಇದ್ದ ಅಕ್ಕಿಯನ್ನು ಬಂದವರಿಗೆ, ಗಂಡಸರಿಗೆ ಎಂದು ತೆಗೆದಿಟ್ಟಳು. ದನಕ್ಕೆಂದು ಬರುತ್ತಿದ್ದ ತೌಡನ್ನು ಜರಡಿ ಹಿಡಿದು, ಹುರಿದು, ಹಿಡಿ ನುಚ್ಚು ಸೇರಿಸಿ ಗಂಜಿ ಕಾಯಿಸುತ್ತಿದ್ದಳು. ಎಲ್ಲರ ಊಟವಾದ ಮೇಲೆ ಅತ್ತೆ, ಸೊಸೆ, ಇನ್ನೂ ಮದುವೆಯಾಗದ ಗಿರಿಜಾ ಮೂವರೂ ಬಾಗಿಲು ಹಾಕಿಕೊಂಡು ಕುಡಿಯುತ್ತಿದ್ದರು. ಮುಂದಿನ ಬೆಳೆ ಬರುವವರೆಗೂ ಹೀಗೇ ನಡೆಯಿತು. ಗಂಡಸರಿಗೆ ತಿಳಿಯಲೇ ಇಲ್ಲ. ಯಾರಿಗೂ ಹೇಳಕೂಡದು, ಮನೆಯ ಮರ್ಯಾದೆ ಎಂದು ಅತ್ತೆ ಇಬ್ಬರಿಂದಲೂ ಮಾತು ತೆಗೆದುಕೊಂಡಿದ್ದಳು. ಸಾಯುವವರೆಗೂ ಆ ಅತ್ತೆ ತೌಡಿನ ವಾಸನೆಗೆ ಕೊಟ್ಟಿಗೆಯ ಕಡೆ ಹೋಗುತ್ತಿರಲಿಲ್ಲವಂತೆ.

ಸುದೀಪ ತಾಯಿಯ ಎದುರು ಕೂತ. ನಾನು ಬಾಯಿಗೆ ಬಂದದ್ದು ಹೇಳಿದೆ ಅಮ್ಮ, ಓಟ್ಸ್ ಮುಗಿದಿತ್ತು ಎಂದ.

“ಬಾಗಿಲು ಹಾಕ್ಕೊಂಡು ತಿಂದದ್ದೂ ಬಾಯಿಗೆ ಬಂತಾ?” ಎಂದಳು ಸೀತಮ್ಮ. “ಗಿರಿಜನ್ನ ಉಳಿಸೋಕೆ ನೀನು ಸುಳ್ಳು ಹೇಳೋದು ಬೇಡ.”

ಅವನು ಆಣೆ ಹಾಕಿದ, ದೇವರ ಕೋಣೆಯ ಹೊಸ್ತಿಲು ಮುಟ್ಟಿದ. ಹುಟ್ಟಿದಾಗಿನಿಂದ ಅವನು ಹೇಳಿದ ಕಟ್ಟುಕತೆಗಳನ್ನೆಲ್ಲ ಸುತ್ತಲಿನವರು ನಂಬಿದ್ದರು. ಮೊದಲ ಸಲ ನಿಜ ಹೇಳುತ್ತಿದ್ದಾನೆ, ಹೆತ್ತ ತಾಯಿಯೇ ನಂಬುತ್ತಿಲ್ಲ.

ಮರುದಿನ ಸುದೀಪ ಕೊಟ್ಟಿಗೆಹಾರದ ಮೇಲೆ ಕಳಸಕ್ಕೆ ಹೋದ. ಗಿರಿಜಾಂಬಾ ಅವನನ್ನು ಕಂಡವಳೇ ಒಳಗೆ ಹೋಗಿ, ಕಾಫಿಯ ಲೋಟವನ್ನು ಸ್ವಲ್ಪ ಜೋರಾಗಿಯೇ ಅವನ ಮುಂದೆ ಇಟ್ಟಳು. ಅವಳೂ ವಿಡಿಯೊ ನೋಡಿದ್ದಳು. ಅತ್ತಿಗೆಯೇ ಮಗನಿಗೆ ಹೇಳಿದ್ದಾಳೆಂದು ಅವಳ ತೀರ್ಮಾನವಾಗಿತ್ತು. ಅವಳ ಸಿಟ್ಟು ಗುಟ್ಟು ಹೊರಬಿದ್ದದ್ದಕ್ಕಲ್ಲ.

“ಹೇಳೋದೇ ಆದ್ರೆ ನಂಗೂ ಒಂದು ಮಾತು ಹೇಳ್ಬಹುದಿತ್ತು ಮಾರಾಯ. ನಾನು ಇವರಿಗೂ ಹೇಳಿರ್ಲಿಲ್ಲ ಇಷ್ಟು ವರ್ಷ. ಹೇಳ್ಬೇಕು ಅಂತ ಎಷ್ಟು ಸಲ ಬಾಯಿವರೆಗೆ ಬಂದಿತ್ತು ಗೊತ್ತುಂಟಾ?”

ಇವರಿಗೂ ಎಂದರೆ ಗಂಡನಿಗೂ. ಆ ಗಂಡ ತೀರಿಕೊಂಡು ಎಷ್ಟೋ ಕಾಲವಾಗಿತ್ತು. ಸುದೀಪ ಆಕೆಯ ಎದುರೂ ಎಲ್ಲ ಒಪ್ಪಿಕೊಂಡ. ಗಿರಿಜಾಂಬಾ ಅವನ ಮುಖ ನೋಡಿ ನಗಲು ಶುರುಮಾಡಿದಳು. ಅವಳು ಅವನನ್ನು ಎತ್ತಿ ಆಡಿಸಿದವಳು. ಇವನ ಬಾಯಿಗೆ ಇಂಥದ್ದೊಂದು ಬರುವುದು ಸಾಧ್ಯವೆಂದು ನಂಬಲು ಅವಳಿಗೆ ಯಾವ ಆಣೆಯೂ ಬೇಕಾಗಲಿಲ್ಲ. ಎರಡು ಸೀರೆಯನ್ನು ಚೀಲಕ್ಕೆ ತುಂಬಿಕೊಂಡು ಕಾರು ಹತ್ತಿದಳು.

ಅತ್ತಿಗೆ ನಾದಿನಿ ಎದುರುಬದುರು ಕೂತಾಗ ಮೊದಲು ಆರೋಗ್ಯ ವಿಚಾರಿಸಿಕೊಂಡರು. ಅನಂತರ ನೀನು ಹೇಳಲಿಲ್ಲವಾ ಎಂದು ಒಬ್ಬಳು, ನೀವು ಹೇಳಲಿಲ್ಲವಾ ಎಂದು ಇನ್ನೊಬ್ಬಳು. ಇಬ್ಬರೂ ಇಲ್ಲವೆಂದ ಮೇಲೆ ಇಬ್ಬರೂ ಸುದೀಪನ ಕಡೆ ನೋಡಿದರು. ಗಿರಿಜಾಂಬಾ ನಂಬಿದ್ದರಿಂದ ಸೀತಮ್ಮನೂ ನಂಬಿದಳು. ಅಷ್ಟರಲ್ಲಿ ಪಂಚಮಿ ಅತಿಥಿಗಳಿಗೆ ಮಾಡಿದ್ದ ಗಂಜಿಯನ್ನು ತಂದುಕೊಟ್ಟಳು. ಗಿರಿಜಾಂಬಾ ಒಂದು ಚಮಚ ಬಾಯಿಗಿಟ್ಟುಕೊಂಡು, ಇದು ಪಾಯಸ, ಯಾರ ಮನೆಯ ಹಬ್ಬದ್ದು ಎಂದಳು. ತಾನೇ ಒಲೆಯ ಮುಂದೆ ನಿಂತು ಹುರಿದ ತೌಡಿಗೆ ನುಚ್ಚು, ನೀರು, ಉಪ್ಪು ಹಾಕಿ ಕಾಯಿಸಿ ಸುದೀಪನ ಕೈಗೆ ಒಂದು ಲೋಟ ಕೊಟ್ಟಳು. ಮೊದಲ ಗುಟುಕಿಗೆ ಗಂಟಲು ಕೆರೆಯಿತು. ಎರಡನೆಯದಕ್ಕೆ ಕಹಿ. ಇಬ್ಬರು ಮುದುಕಿಯರೂ ನೋಡುತ್ತಿದ್ದರೆಂದು ಅವನು ಪೂರ್ತಿ ಕುಡಿದ. ಇದನ್ನು ಕುಡಿದು ಹತ್ತು ಜನರಿಗೆ ಬಡಿಸಲು ಎದ್ದು ನಿಲ್ಲುತ್ತಿದ್ದರಲ್ಲ ಎಂದು ಯೋಚಿಸಿದ. ಬಡಿಸಿದ್ದು ಬೆಳ್ಳನೆಯ ಅನ್ನ. ಎದ್ದು ಹೋಗಿ ಲೋಟವನ್ನು ತಾನೇ ತೊಳೆದಿಟ್ಟ. ಅದು ಅವನಿಗೆ ಹೊಸತು.

ಇಷ್ಟಕ್ಕೇ ನಿಲ್ಲುತ್ತಿತ್ತೇನೋ. ಆದರೆ ಮನೆಯ ಹಿರಿಯರ ಬಾಯಿಂದಲೇ ಕೇಳಿ ಇನ್ನೊಂದು ವಿಡಿಯೊ ಮಾಡುತ್ತೇನೆಂದು ರಕ್ಷಾ ಮೊದಲೇ ಹೇಳಿದ್ದಳು, ಸುದೀಪ ಆಗಲಿ ಎಂದಿದ್ದ. ಆ ಭಾನುವಾರ ಅವಳು ಬಂದೇಬಿಟ್ಟಳು. ಸುದೀಪ ತಾಯಿಯ ಹತ್ತಿರ ಗೋಗರೆದ: ಏನೂ ಹೇಳಬೇಡ, ಸುಮ್ಮನೆ ಕೈಮುಗಿದು ಕೂತರೆ ಸಾಕು. ಸೀತಮ್ಮ ಒಳ್ಳೆಯ ಸೀರೆ ಉಟ್ಟು, ನಾದಿನಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಜಗಲಿಯಲ್ಲಿ ಕೂತಳು. ಅಮ್ಮ, ಆ ಕಾಲದ ಗಂಜಿಯ ಬಗ್ಗೆ ಹೇಳಿ ಎಂದು ರಕ್ಷಾ ಕೇಳಿದಳು.

“ನಮ್ಮನೇಲಿ ಯಾರೂ ತೌಡು ತಿಂದಿಲ್ಲಮ್ಮ,” ಎಂದಳು ಸೀತಮ್ಮ. “ತೌಡು ದನಕ್ಕೆ. ಬಂದವ್ರಿಗೂ ಅನ್ನ, ಮನೆಯವ್ರಿಗೂ ಅನ್ನ. ಇವನು ಏನೋ ಹೇಳಿದಾನೆ, ತಪ್ಪು ತಿಳ್ಕೋಬೇಡಿ.”

ರಕ್ಷಾ ಗಲಿಬಿಲಿಯಾಗಿ ಗಿರಿಜಾಂಬಾಳ ಕಡೆ ತಿರುಗಿದಳು. ಗಿರಿಜಾಂಬಾ ಅತ್ತಿಗೆಯ ಮುಖ ನೋಡಿದಳು. ಇಷ್ಟು ವರ್ಷ ಬಾಯಿವರೆಗೆ ಬಂದದ್ದು ಆಗಲೂ ಬಂದಿರಬೇಕು. ಕಡೆಗೆ ಹೌದು, ಅನ್ನವೇ ಎಂದಳು.

ಸುದೀಪ ಕಂಬದ ಪಕ್ಕ ನಿಂತಿದ್ದ. ಒಂದು ಮಾತಿನಲ್ಲಿ ಅವನು ತನ್ನನ್ನು ಉಳಿಸಿಕೊಳ್ಳಬಹುದಿತ್ತು, ಅದೂ ನಿಜವಾದ ಮಾತು. ತಲೆ ತಗ್ಗಿಸಿ, ಸುಳ್ಳು ಹೇಳಿದೆ ಮೇಡಂ ಎಂದ.

ರಕ್ಷಾ ನೊಂದುಕೊಂಡಳು, ಆದರೆ ಪ್ರಾಮಾಣಿಕಳು. ಸೀತಮ್ಮನ ಮಾತನ್ನು ಹಾಗೆಯೇ ಹಾಕಿ, ತಾನು ವಿಚಾರಿಸದೆ ನಂಬಿದ್ದಕ್ಕೆ ಕ್ಷಮೆ ಕೇಳಿದಳು. ಯಾವ ಅಜ್ಜಿ ತಿಂದರೂ ತಿನ್ನದಿದ್ದರೂ ತೌಡಿನ ಗುಣ ಎಲ್ಲೂ ಹೋಗುವುದಿಲ್ಲ, ಓಟ್ಸಿನದೂ ಹೋಗುವುದಿಲ್ಲ, ಎರಡನ್ನೂ ಹಿತಮಿತವಾಗಿ ತಿನ್ನಿ ಎಂದೂ ಸೇರಿಸಿದಳು. ಸುದೀಪ ಹೋಂಸ್ಟೇಯ ಕತೆ ಮುಗಿಯಿತೆಂದುಕೊಂಡ. ಗುರುತಿಲ್ಲದವರೆಲ್ಲ ಅವನನ್ನು ಸುಳ್ಳುಗಾರ, ಸಂಪ್ರದಾಯ ಮಾರಿಕೊಂಡವನು ಎಂದು ಬರೆದರು. ಆದರೆ ಅವರೇ, ಮಗನ ವ್ಯಾಪಾರ ಹಾಳಾದರೂ ಸರಿಯೆಂದು ಸತ್ಯ ಹೇಳಿದ ಆ ತಾಯಿಯನ್ನು ಒಮ್ಮೆ ನೋಡಬೇಕು ಎಂದು ಕೂಡ ಬರೆದರು, ನೋಡಲು ಬಂದೂಬಿಟ್ಟರು. ಶಿವರಾತ್ರಿಯ ರಜೆಗೆ ರೂಮು ಖಾಲಿಯಿರಲಿಲ್ಲ. ಬಂದವರು ಎಲ್ಲದಕ್ಕೂ ಸೀತಮ್ಮನನ್ನೇ ಕೇಳತೊಡಗಿದರು: ಈ ಜೇನುತುಪ್ಪ ಶುದ್ಧವೇ, ಈ ಕಾಫಿಪುಡಿಗೆ ಚಿಕೋರಿ ಸೇರಿದೆಯೇ, ನಮ್ಮ ಮಗನಿಗೆ ಈ ಹುಡುಗಿಯನ್ನು ತರಬಹುದೇ. ಅವಳು ಬಾಯಿಬಿಟ್ಟರೆ ಅದೇ ಪ್ರಮಾಣ. ತಿಂಡಿಗೆ ಏನು ಕೊಟ್ಟರೂ, ಅಜ್ಜಿ ಹೇಳಿದ ಮೇಲೆ ಸರಿ ಎಂದು ತಿಂದರು, ಕಡುಬನ್ನು ಕೂಡ.

ಒಂದು ಮಧ್ಯಾಹ್ನ ಅತಿಥಿಗಳೆಲ್ಲ ದೇವರಮನೆಯ ಗುಡ್ಡಕ್ಕೆ ಹೋಗಿದ್ದರು. ಸೀತಮ್ಮ ಕಾಳುಮೆಣಸು ಹರವುತ್ತಿದ್ದಳು. ಸುದೀಪ ಪಕ್ಕದಲ್ಲಿ ಕುಕ್ಕರಗಾಲಿನಲ್ಲಿ ಕೂತು, ಆವತ್ತು ಸುಳ್ಳು ಹೇಳಿದ್ದು ನೀನಲ್ಲವಾ ಅಮ್ಮ ಎಂದು ಕೇಳಿದ.

“ಹೌದು,” ಎಂದಳು ಸೀತಮ್ಮ. “ನಿನ್ನ ಹಾಗೆ ಉದ್ದ ಮಾಡ್ಲಿಲ್ಲ. ಅದ್ಕೇ ನಂಬಿದ್ರು.”

ಆಮೇಲೆ, ಬಿಸಿಲು ಸರಿಯಿತು, ಚಾಪೆಯ ಆ ತುದಿ ಹಿಡಿ ಎಂದು ಹೇಳಿದಳು. ಅವನು ಹಿಡಿದ.